ನಗು ಬಂದ ಜಾಗ ಬರೆದಿಡುವುದು

2025ರ ಜೂನ್ ಕೊನೆಯ ವಾರ ನಮ್ಮಲ್ಲಿ ಮಳೆ ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ನಾನು ವರ್ಷವಿಡೀ ಕಾದಿದ್ದ ಎರಡು ಸರಣಿಗಳು ಅದೇ ವಾರ ಬಂದವು. ಜೂನ್ 24ಕ್ಕೆ ಹಿಂದಿಯ ‘ಪಂಚಾಯತ್’ ನಾಲ್ಕನೇ ಸೀಸನ್, ಎಂಟು ಕಂತು. ಉತ್ತರ ಭಾರತದ ಒಂದು ಹಳ್ಳಿ ಪಂಚಾಯತಿಯ ಕಥೆ ಅದು. ಅದರ ಬೆನ್ನಿಗೇ ಅಮೆರಿಕದ ‘ದಿ ಬೇರ್’ ನಾಲ್ಕನೇ ಸೀಸನ್, ಹತ್ತು ಕಂತು. ಮನೆಯಲ್ಲಿ ಕರೆಂಟ್ ಇದ್ದದ್ದು ದಿನಕ್ಕೆ ಮೂರೋ ನಾಲ್ಕೋ ಗಂಟೆ.

ನಮ್ಮ ಮನೆ ಕೊಡಗಿನ ಭಾಗಮಂಡಲದ ಕಡೆ. ಸ್ವಲ್ಪ ಕಾಫಿ, ಸ್ವಲ್ಪ ಕಾಳುಮೆಣಸು. ಮನೆ ಮಾತು ಅರೆಭಾಷೆ. ಮಳೆಗಾಲದಲ್ಲಿ ಇಲ್ಲಿ ಸಂಜೆ ಐದಕ್ಕೇ ಕತ್ತಲಾದ ಹಾಗೆ. ಹಾಗಾಗಿ ಮಡಿಕೇರಿಗೆ ಹೋದಾಗ ತಂಗಿಯ ಮನೆಯಲ್ಲಿ ಕೂತು ಕಂತುಗಳನ್ನು ಟ್ಯಾಬ್‌ಗೆ ಡೌನ್‌ಲೋಡ್ ಮಾಡಿ ತರುತ್ತೇನೆ. ಅಡುಗೆಮನೆಯಲ್ಲಿ ಒಲೆ ಪಕ್ಕ ಅಕ್ಕಿ ಡಬ್ಬಕ್ಕೆ ಟ್ಯಾಬ್ ಒರಗಿಸಿ ಇಡುತ್ತೇವೆ. ಎದುರಿಗೆ ಮಾವ, ನಾನು, ಕೆಲಸ ಮುಗಿದರೆ ನಮ್ಮವರು. ಮಾವ ಮಿಲಿಟರಿಯಿಂದ ನಿವೃತ್ತಿ ಆದವರು. ಉತ್ತರ ಭಾರತದ ಹಳ್ಳಿ ಹಿಂದಿ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಈಗ ಕಿವಿ ಸ್ವಲ್ಪ ಮಂದ.

ನೋಡಿದ ಪ್ರತಿ ಕಂತಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆಯುತ್ತೇನೆ. ಅದರ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಸುಳ್ಯ, ಮೈಸೂರು, ಕುಶಾಲನಗರದಲ್ಲಿ ಇರುವ ನೆಂಟರು ಅದನ್ನು ಓದಿ ನೋಡಬೇಕೋ ಬೇಡವೋ ಅಂತ ಯೋಚಿಸುತ್ತಾರೆ. ಇದು ಶುರುವಾಗಿ ಮೂರು ವರ್ಷ ಆಯಿತು. ಶುರುವಾದದ್ದು ಒಂದು ತಪ್ಪಿನಿಂದ.

2022ರ ಮೇ ತಿಂಗಳಲ್ಲಿ ‘ಪಂಚಾಯತ್’ ಎರಡನೇ ಸೀಸನ್ ಬಂದಿತ್ತು. ನಾನು ಏಳು ಕಂತು ನೋಡಿ ನಕ್ಕು ನಕ್ಕು ಸಾಕಾಗಿ, ಗುಂಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದೆ. ‘ತುಂಬಾ ತಮಾಷೆ ಇದೆ, ಎಲ್ಲರೂ ನೋಡಿ, ಮನಸ್ಸು ಹಗುರ ಆಗ್ತದೆ’ ಅಂದಿದ್ದೆ. ಎಂಟನೇ ಕಂತು ಉಳಿದಿತ್ತು. ನನ್ನ ಮಾತು ನಂಬಿ ದೊಡ್ಡಮ್ಮ ಒಬ್ಬರೇ ಕೂತು ಪೂರ್ತಿ ನೋಡಿದರು. ಅವರ ಮಗ ಸೇನೆಯಲ್ಲಿದ್ದಾನೆ. ಆಗ ಗಡಿಯಲ್ಲಿದ್ದ.

ಎಂಟನೇ ಕಂತು ನೋಡಿದವರಿಗೆ ಗೊತ್ತು. ಪಂಚಾಯತಿಯ ಉಪ ಪ್ರಧಾನ, ಅಂದರೆ ಉಪಾಧ್ಯಕ್ಷ, ಪ್ರಹ್ಲಾದನ ಒಬ್ಬನೇ ಮಗ ಸೈನಿಕ. ಅವನ ಶವ ಊರಿಗೆ ಬರುತ್ತದೆ. ಅಲ್ಲಿಯವರೆಗೆ ನಮ್ಮನ್ನು ನಗಿಸುತ್ತಿದ್ದ ಆ ದಪ್ಪ ಮನುಷ್ಯ ಒಮ್ಮೆಲೇ ಮಾತು ಕಳೆದುಕೊಳ್ಳುತ್ತಾನೆ. ದೊಡ್ಡಮ್ಮ ರಾತ್ರಿ ಫೋನ್ ಮಾಡಿದರು. ಬೈಯಲಿಲ್ಲ. ‘ನೀನು ಕೊನೆಯದು ನೋಡಿದ್ದೆಯಾ ಮಗಾ?’ ಅಂತ ಮಾತ್ರ ಕೇಳಿದರು. ನಾನು ಇಲ್ಲ ಎಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊಡಗಿನಲ್ಲಿ ಸೈನಿಕರಿಲ್ಲದ ಬಂಧುಬಳಗ ಹುಡುಕುವುದು ಕಷ್ಟ. ಮಡಿಕೇರಿ ಪೇಟೆಯಲ್ಲಿ ಜನರಲ್ ತಿಮ್ಮಯ್ಯನವರ ಪ್ರತಿಮೆ ದಾಟದೆ ಬಸ್ ಹತ್ತುವುದಿಲ್ಲ ನಾವು. ಅಂಥ ಊರಿನಲ್ಲಿ ಕೂತು, ಕಂತು ಪೂರ್ತಿ ನೋಡದೆ, ತಮಾಷೆ ಇದೆ ಅಂತ ಹೇಳಿಬಿಟ್ಟಿದ್ದೆ. ಮರುದಿನವೇ ನೋಟ್‌ಬುಕ್ ತಂದೆ.

ಮೊದಮೊದಲು ಕಥೆಯನ್ನೇ ಬರೆಯುತ್ತಿದ್ದೆ. ಅವನು ಬಂದ, ಇವಳು ಹೋದಳು, ಹೀಗೆ ಎರಡು ಪುಟ. ಮಗಳು ಬೆಂಗಳೂರಿನಿಂದ ಫೋನ್ ಮಾಡಿ, ‘ಅಮ್ಮಾ, ಕಥೆ ಹೇಳಿದರೆ ಇನ್ನು ನೋಡುವುದು ಏನಿದೆ? ನಿನಗೆ ಹೇಗನ್ನಿಸಿತು ಅದನ್ನು ಬರಿ’ ಅಂದಳು. ಹೇಗನ್ನಿಸಿತು ಅಂತ ಬರೆಯಲು ಕೂತರೆ ‘ಚೆನ್ನಾಗಿದೆ’ ಬಿಟ್ಟು ಬೇರೆ ಮಾತೇ ಬರಲಿಲ್ಲ. ಆಗ ಒಂದು ದಾರಿ ಹುಡುಕಿಕೊಂಡೆ. ಮೊದಲ ಸಲ ಪೆನ್ನು ಮುಟ್ಟುವುದಿಲ್ಲ, ಸುಮ್ನೆ ನೋಡುತ್ತೇನೆ. ಎರಡನೇ ಸಲ ಒಬ್ಬಳೇ ಕೂತು, ನಗು ಬಂದ ಜಾಗದಲ್ಲಿ ನಿಲ್ಲಿಸಿ ನಿಮಿಷ ಬರೆಯುತ್ತೇನೆ. ಎದೆ ಭಾರ ಆದ ಜಾಗಕ್ಕೂ ಹಾಗೇ. ಆಮೇಲೆ ಅವೆರಡರ ಮಧ್ಯೆ ಏನಾಯಿತು ಅಂತ ನೋಡುತ್ತೇನೆ.

ನನ್ನ ಅಭಿಪ್ರಾಯಗಳೆಲ್ಲ ಹುಟ್ಟುವುದು ಆ ಮಧ್ಯದ ಜಾಗದಲ್ಲೇ. ನಗಿಸಿದ ಮನುಷ್ಯ ಮತ್ತು ಅಳಿಸಿದ ಮನುಷ್ಯ ಒಬ್ಬನೇ ಆಗಿದ್ದರೆ ಆ ಕಂತು ಗಟ್ಟಿ. ನಗಿಸಲಿಕ್ಕೆ ಒಬ್ಬ ಪೆದ್ದ, ಅಳಿಸಲಿಕ್ಕೆ ಒಬ್ಬ ಒಳ್ಳೆಯವ ಅಂತ ಬೇರೆ ಬೇರೆ ಇಟ್ಟಿದ್ದರೆ ನನಗೆ ಅಂಟುವುದಿಲ್ಲ. ಪ್ರಹ್ಲಾದ ನಮಗೆ ಅಷ್ಟು ಹತ್ತಿರ ಆದದ್ದು ಅದಕ್ಕೇ ಅಲ್ವಾ? ಫೈಸಲ್ ಮಲಿಕ್ ಅದೇ ಮುಖದಲ್ಲಿ ಎರಡನ್ನೂ ಮಾಡಿದರು.

ಮಾವ ಕೂಡ ನನಗೆ ಒಂದು ಅಳತೆ. ಅವರಿಗೆ ಮಾತು ಅರ್ಧ ಕೇಳಿಸುವುದಿಲ್ಲ. ಆದರೂ ನಕ್ಕರೆ, ಆ ತಮಾಷೆ ನಟರ ಮುಖದಲ್ಲಿ, ನಡಿಗೆಯಲ್ಲಿ ಇದೆ ಅಂತ ಅರ್ಥ. ಹಾಗಾಗಿ ಪುಟದ ಅಂಚಿನಲ್ಲಿ ‘ಮಾ’ ಅಂತ ಒಂದು ಗುರುತು ಹಾಕುತ್ತೇನೆ. ಮೊದಲ ಸೀಸನ್ನಿನ, ಚಕ್ರವಿರುವ ಆಫೀಸ್ ಕುರ್ಚಿಯ ಕಂತಿನಲ್ಲಿ ಪುಟದ ತುಂಬಾ ‘ಮಾ’ ಇದೆ. ಪಂಚಾಯತಿ ಕಾರ್ಯದರ್ಶಿ ಅಭಿಷೇಕ್ ತನಗಾಗಿ ತಂದ ಕುರ್ಚಿ, ಅದರ ಮೇಲೆ ಕಣ್ಣು ಹಾಕಿದ ಮದುಮಗ. ಒಂದು ಕುರ್ಚಿಯಿಂದ ಇಡೀ ಕಂತು ನಡೆಯಿತು.

ಈಗ ನಾಲ್ಕನೇ ಸೀಸನ್ ವಿಷಯ. ಇದು ಪೂರ್ತಿ ಚುನಾವಣೆ. ಊರಿನ ಪ್ರಧಾನೆ, ಅಂದರೆ ಪಂಚಾಯತಿ ಅಧ್ಯಕ್ಷೆ, ಮಂಜು ದೇವಿಯ ಚಿಹ್ನೆ ಸೋರೆಕಾಯಿ, ಎದುರಾಳಿ ಕ್ರಾಂತಿ ದೇವಿಯ ಚಿಹ್ನೆ ಕುಕ್ಕರ್. ನನಗೆ ಇದು ಬೇರೆಯವರ ಕಥೆ ಅನ್ನಿಸಲೇ ಇಲ್ಲ. 2020ರ ಡಿಸೆಂಬರ್‌ನಲ್ಲಿ ನಾನೂ ಗ್ರಾಮ ಪಂಚಾಯತಿಗೆ ನಿಂತಿದ್ದೆ. ನಮ್ಮ ರಾಜ್ಯದಲ್ಲೂ ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ. ಪಟ್ಟಿಯಲ್ಲಿದ್ದ ಒಂದು ಚಿಹ್ನೆ ಕೊಡುತ್ತಾರೆ. ನನಗೆ ಬಂದದ್ದು ಹೊಲಿಗೆ ಯಂತ್ರ. ಮನೆ ಮನೆಗೆ ಹೋಗಿ ‘ಹೊಲಿಗೆ ಮಿಷನ್‌ಗೆ ಒತ್ತಿ’ ಅಂದಿದ್ದೇನೆ. ಹೀಗಾಗಿ ಸೋರೆಕಾಯಿ ಹಿಡಿದು ಓಡಾಡುವ ಜನರನ್ನು ನೋಡಿದಾಗ ನನಗೆ ನಗುವಿನ ಜೊತೆಗೆ ಕಾಲುನೋವೂ ನೆನಪಾಯಿತು.

ಆದರೂ ಮೊದಲ ಕಂತುಗಳ ಪುಟದಲ್ಲಿ ನಗುವಿನ ಗುರುತು ಕಡಿಮೆ. ಎರಡು ಸಲ ನೋಡಿದೆ, ಕಡಿಮೆಯೇ. ಕಾರಣ ಹುಡುಕಿದೆ. ಹಿಂದಿನ ಸೀಸನ್‌ಗಳಲ್ಲಿ ಒಂದು ಸಣ್ಣ ವಸ್ತು ಇರುತ್ತಿತ್ತು. ಕುರ್ಚಿ, ಕಳುವಾದ ಮಾನಿಟರ್, ಹೀಗೆ. ಅದರ ಸುತ್ತ ಜನರ ಗುಣ ತೆರೆದುಕೊಳ್ಳುತ್ತಿತ್ತು. ಇಲ್ಲಿ ಆ ಪಕ್ಷ ಒಂದು ಆಟ ಆಡಿದರೆ ಈ ಪಕ್ಷ ಇನ್ನೊಂದು ಆಡುತ್ತದೆ. ಯಾರು ಗೆದ್ದರು ಅಂತ ನಾವು ಎಣಿಸುತ್ತಾ ಕೂರುತ್ತೇವೆ. ಅಭಿಷೇಕ್ ಕೂಡ ಗುಂಪಿನಲ್ಲಿ ಒಬ್ಬನಾಗಿಬಿಟ್ಟಿದ್ದಾನೆ. ಇಪ್ಪತ್ತು ಸಾವಿರ ಸಂಬಳಕ್ಕೆ ಹಳ್ಳಿಗೆ ಬಂದು ರಾತ್ರಿ ಒಬ್ಬನೇ ಓದುತ್ತಾ ಕೂತ ಆ ಹುಡುಗನ ಒಂಟಿತನ ನನಗೆ ಇಷ್ಟವಾಗಿತ್ತು. ಅದು ಇಲ್ಲಿ ಸಿಗಲಿಲ್ಲ.

ಬಿನೋದ್ ಊಟಕ್ಕೆ ಕೂತ ದೃಶ್ಯ ಮಾತ್ರ ನಾನು ನಾಲ್ಕು ಸಲ ನೋಡಿದೆ. ಅವನು ಎದುರು ಪಕ್ಷದ ಬಡವ. ಪ್ರಧಾನರ ಕಡೆಯವರು ಕರೆದು ಒಳ್ಳೆ ಊಟ ಹಾಕುತ್ತಾರೆ. ಅವನು ಆಸೆಯಿಂದ ತಿನ್ನುತ್ತಾನೆ. ನಾವು ನಗುತ್ತೇವೆ. ಆಮೇಲೆ ಪಕ್ಷ ಬದಲಿಸು ಅನ್ನುವ ಮಾತು ಬರುತ್ತದೆ. ತಾನು ಬಡವ ಹೌದು, ದ್ರೋಹಿ ಅಲ್ಲ ಅನ್ನುತ್ತಾನೆ ಬಿನೋದ್. ಅವನ ಹಸಿವಿಗೆ ನಕ್ಕವರು ನಾವೇ ಅಂತ ಆಗ ಗೊತ್ತಾಗುತ್ತದೆ. ಮಾವ ಟ್ಯಾಬ್ ನಿಲ್ಲಿಸಲು ಹೇಳಿ, ಅವನು ಏನಂದ ಅಂತ ಕೇಳಿದರು. ನಾನು ಕಿವಿ ಹತ್ತಿರ ಹೋಗಿ ಹೇಳಿದೆ. ‘ಸರಿಯಾಗಿ ಹೇಳಿದ’ ಅಂದರು. ಆ ನಟ ಅಶೋಕ್ ಪಾಠಕ್. ಈ ಸೀಸನ್ನಿನಲ್ಲಿ ನನಗೆ ಅತಿ ದೊಡ್ಡ ಪಾತ್ರ ಅವರದ್ದೇ.

ಕೊನೆಗೆ ಮಂಜು ದೇವಿ ಸೋಲುತ್ತಾರೆ. ಗುಂಪಿನಲ್ಲಿ ಜಾಸ್ತಿ ಜನಕ್ಕೆ ಬೇಜಾರಾಯಿತು. ನನಗೆ ಅದೇ ಸರಿ ಅನ್ನಿಸಿತು. ಮೊದಲ ಸೀಸನ್ನಿನ ಕೊನೆಯಲ್ಲಿ ಜನವರಿ 26ರ ಧ್ವಜಾರೋಹಣಕ್ಕೆ ರಾಷ್ಟ್ರಗೀತೆ ಕಲಿಯಲು ಒದ್ದಾಡಿದ ಹೆಂಗಸು ಅವರು. ಅದುವರೆಗೆ ಅಧಿಕಾರ ನಡೆಸುತ್ತಿದ್ದದ್ದು ಗಂಡ. ಗ್ರಾಮಸಭೆಯಲ್ಲಿ ಮೊದಲ ಸಲ ಮೈಕ್ ಹಿಡಿದಾಗ ನನ್ನ ಸ್ವರ ಹೇಗೆ ನಡುಗಿತ್ತು ಅಂತ ನನಗೆ ಗೊತ್ತು. ನೀನಾ ಗುಪ್ತಾ ಆ ನಡುಕವನ್ನು ಹಾಗೇ ತೋರಿಸಿದ್ದರು. ಅಲ್ಲಿಂದ ಇಲ್ಲಿಯವರೆಗೆ ಬಂದವರಿಗೆ ಸೋಲೂ ಅವರದ್ದೇ ಆಗಿರಬೇಕು. ನನ್ನ ದೂರು ಇರುವುದು ಸೋಲಿನ ನಂತರದ ಬಗ್ಗೆ. ಹಳ್ಳಿಯಲ್ಲಿ ಎಣಿಕೆ ಮುಗಿದ ಮರುದಿನವೇ ನಿಜವಾದ ಕಷ್ಟ. ಮತ ಹಾಕದವರ ಮನೆ ಮುಂದೆಯೇ ಹಾಲಿನ ಡೈರಿಗೆ ಹೋಗಬೇಕು. ಅವರ ಮನೆ ಮದುವೆಗೆ ಪಾತ್ರೆ ತೊಳೆಯಲು ಹೋಗಬೇಕು. ಆ ಮರುದಿನ ಈ ಕಂತಿನಲ್ಲಿ ಇಲ್ಲ. ಮುಂದಿನ ಸೀಸನ್ ಅಲ್ಲಿಂದ ಶುರುವಾಗಲಿ ಅಂತ ಪುಟದ ಕೆಳಗೆ ಬರೆದೆ.

‘ದಿ ಬೇರ್’ ನನಗೆ ತೋರಿಸಿದ್ದು ಮಗಳು. ಶಿಕಾಗೋ ನಗರದ ಒಂದು ಹೋಟೆಲ್ ಅಡುಗೆಮನೆ. ಅಣ್ಣ ತೀರಿಕೊಂಡ ಮೇಲೆ ತಮ್ಮ ಕಾರ್ಮಿ ಅದನ್ನು ನಡೆಸಲು ಬರುತ್ತಾನೆ. ಇದನ್ನು ಹಾಸ್ಯ ಅನ್ನಬಹುದೇ ಅಂತ ಅಲ್ಲಿ ದೊಡ್ಡ ಜಗಳವೇ ಇದೆ. 2024ರಲ್ಲಿ ಹಾಸ್ಯ ಸರಣಿಯಾಗಿ ಇದಕ್ಕೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಹನ್ನೊಂದು ಬಂತು. ಒಂದೇ ವರ್ಷದಲ್ಲಿ ಹಾಸ್ಯ ಸರಣಿಯೊಂದಕ್ಕೆ ಅಷ್ಟು ಬಂದದ್ದು ಅದೇ ಮೊದಲು. ಎಲ್ಲಿದೆ ಹಾಸ್ಯ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ದಿನ ನಮ್ಮ ದೊಡ್ಡ ಮನೆಯ ಅಡುಗೆಮನೆಗೆ ಬಂದು ನಿಲ್ಲಿ. ಆರು ಜನ ಹೆಂಗಸರು, ಮೂರು ಒಲೆ, ತೆಂಗಿನಕಾಯಿ ಯಾರು ತುರಿಯಬೇಕು ಅಂತ ಕೂಗಾಟ. ಕೂಗುವವರೇ ಹತ್ತು ನಿಮಿಷಕ್ಕೆ ಹೊಟ್ಟೆ ಹಿಡಿದು ನಗುತ್ತಾರೆ.

ಆ ಸರಣಿಯ ಎರಡನೇ ಸೀಸನ್ನಿನಲ್ಲಿ ಒಂದು ಕ್ರಿಸ್‌ಮಸ್ ಊಟದ ಕಂತು ಇದೆ. ಒಂದು ಗಂಟೆ ದಾಟುತ್ತದೆ. ತಾಯಿ ಡೋನಾ ಏಳು ಬಗೆಯ ಮೀನಿನ ಅಡುಗೆ ಮಾಡುತ್ತಾ ಮಾಡುತ್ತಾ ಕುಸಿಯುತ್ತಾಳೆ. ಕೊನೆಗೆ ಕಾರನ್ನೇ ಮನೆಯೊಳಗೆ ನುಗ್ಗಿಸುತ್ತಾಳೆ. ಅದನ್ನು ನೋಡಿ ಎರಡು ದಿನ ನನಗೆ ಅಡುಗೆಮನೆಗೆ ಹೋಗಲು ಮನಸ್ಸು ಬರಲಿಲ್ಲ. ನಾಲ್ಕನೇ ಸೀಸನ್ನಿನ ಏಳನೇ ಕಂತು ಅದಕ್ಕೆ ಉತ್ತರ ಅಂತ ನನ್ನ ಅನಿಸಿಕೆ. ಅದೇ ಜನ, ಈ ಸಲ ಮದುವೆ ಮನೆ. ಪಾತ್ರೆ ಒಡೆಯುವುದು ಯಾವಾಗ ಅಂತ ಕೈ ಬಿಗಿಹಿಡಿದು ಕೂತಿದ್ದೆ. ಒಬ್ಬ ಪುಟ್ಟ ಹುಡುಗಿ ಹೆದರಿ ಮೇಜಿನ ಕೆಳಗೆ ಹೋಗಿ ಕೂರುತ್ತಾಳೆ. ಹೊರಗೆ ಬಾ ಅಂತ ಎಳೆಯುವ ಬದಲು ದೊಡ್ಡವರೇ ಒಬ್ಬೊಬ್ಬರಾಗಿ ಕೆಳಗೆ ತೂರಿಕೊಳ್ಳುತ್ತಾರೆ. ತಮಗೆ ಯಾವುದರ ಭಯ ಅಂತ ಅವಳಿಗೆ ಹೇಳುತ್ತಾರೆ. ಅಷ್ಟು ದೊಡ್ಡ ದೇಹಗಳು ಮೇಜಿನ ಕೆಳಗೆ ಮುದುರಿ ಕೂತದ್ದೇ ನಗು. ಹೇಳುವ ಮಾತು ಕೇಳಿದರೆ ಕಣ್ಣೀರು. ಇಂಗ್ಲಿಷ್ ಬಾರದ ಮಾವ ಅಲ್ಲಿ ನಕ್ಕರು. ಪುಟದಲ್ಲಿ ಆ ಒಂದೇ ನಿಮಿಷಕ್ಕೆ ನಗುವಿನ ಗುರುತು, ಭಾರದ ಗುರುತು, ‘ಮಾ’ ಮೂರೂ ಬಿದ್ದಿವೆ. ಮೂರು ವರ್ಷದಲ್ಲಿ ಹಾಗಾದದ್ದು ಅದೊಂದೇ ಸಲ.

ಕೊನೆಯ ಕಂತು ಮಾತ್ರ ನನಗೆ ಭಾರವಾಯಿತು. ಹೋಟೆಲ್ ಹಿಂದಿನ ಓಣಿಯಲ್ಲಿ ನಿಂತು ಮೂರು ಜನ ಮಾತಾಡುತ್ತಾರೆ, ಕಂತು ಮುಗಿಯುತ್ತದೆ. ನಟನೆ ದೊಡ್ಡದು. ಆದರೆ ಅಷ್ಟು ಹೊತ್ತು ಒಂದು ನಗುವೂ ಇಲ್ಲದಿದ್ದರೆ ದುಃಖವೂ ಒಂದೇ ಸಮನೆ ಆಗಿಬಿಡುತ್ತದೆ. ಮಗಳಿಗೆ ಅದೇ ಅತ್ಯಂತ ಇಷ್ಟವಾದ ಕಂತು. ನಾವಿಬ್ಬರೂ ಇನ್ನೂ ಒಪ್ಪಿಲ್ಲ.

ಕನ್ನಡದ ಧಾರಾವಾಹಿಗಳಿಗೆ ಈ ರೀತಿ ಬರೆಯಲು ಆಗುವುದಿಲ್ಲ. ದಿನಕ್ಕೊಂದು ಕಂತು ಬಂದರೆ ನೋಟ್‌ಬುಕ್ ಸಾಲದು. ‘ಭಾಗ್ಯಲಕ್ಷ್ಮಿ’ಯಲ್ಲಿ ಭಾಗ್ಯ ಮಗಳ ಜೊತೆ ಹತ್ತನೇ ತರಗತಿಗೆ ಹೋಗುವಾಗ ವಾರಕ್ಕೊಂದು ಪುಟ ಬರೆದೆ. ಅತ್ತೆಯೇ ಸೊಸೆಯನ್ನು ಓದಲು ಕಳಿಸುವ ಆ ಭಾಗದಲ್ಲಿ ಪದ್ಮಜಾ ರಾವ್ ಅವರ ಗತ್ತು ನೋಡುವುದೇ ಖುಷಿ. ಎಸ್‌ಎಸ್‌ಎಲ್‌ಸಿ ಅರ್ಧಕ್ಕೆ ಬಿಟ್ಟ ನಮ್ಮ ಕಡೆಯ ಎಷ್ಟೋ ಹೆಂಗಸರು ಆ ವಾರಗಳಲ್ಲಿ ಅದರ ಬಗ್ಗೆಯೇ ಮಾತಾಡಿದರು. ಅದಾದ ಮೇಲೆ ಕಥೆ ಜಗ್ಗಾಡತೊಡಗಿತು, ನಾನೂ ಬರೆಯುವುದು ಬಿಟ್ಟೆ.

ಈಗ ಪ್ರತಿ ಪುಟದ ಮೇಲ್ಗಡೆ ಒಂದು ಸಾಲು ಖಾಲಿ ಬಿಡುತ್ತೇನೆ. ಕಂತು ಪೂರ್ತಿ ನೋಡಿದ ಮೇಲೆ ಅದನ್ನು ತುಂಬುತ್ತೇನೆ. ಸಾವು ಇದೆ, ಕುಡಿತ ಇದೆ, ಒಬ್ಬರೇ ನೋಡಬೇಡಿ, ಹೀಗೆ. ಕಥೆ ಹೇಳುವುದಿಲ್ಲ, ಯಾರಿಗೆ ನೋವಾಗಬಹುದು ಅಷ್ಟು ಮಾತ್ರ.

ಕಳೆದ ಕಕ್ಕಡ (ಆಟಿ) ತಿಂಗಳಲ್ಲಿ, ಮದ್ದು ಸೊಪ್ಪಿನ ಪಾಯಸದ ದಿನ ದೊಡ್ಡಮ್ಮ ನಮ್ಮ ಮನೆಗೆ ಬಂದಿದ್ದರು. ಊಟವಾದ ಮೇಲೆ ನೋಟ್‌ಬುಕ್ ತಿರುವಿ ಹಾಕಿದರು. ನಾಲ್ಕನೇ ಸೀಸನ್ನಿನ ಪುಟ ಓದಿದರು. ಆಮೇಲೆ, ‘ಆವತ್ತಿನದ್ದು ಇದೆಯಾ ನಿನ್ನ ಹತ್ತಿರ? ಆ ಎಂಟನೆಯದು’ ಅಂದರು. ನಾನು ಬೇಡ ದೊಡ್ಡಮ್ಮ ಅಂದೆ. ‘ಹಾಕು, ಈಗ ನೀವೆಲ್ಲ ಇದ್ದೀರಲ್ಲ’ ಅಂದರು. ಅವರ ಮಗ ರಜೆಗೆ ಬಂದಿದ್ದ, ಅವನೂ ಪಕ್ಕದಲ್ಲಿ ಕೂತ. ಶವ ಬರುವ ಹೊತ್ತಿಗೆ ದೊಡ್ಡಮ್ಮ ಅವನ ಮಣಿಕಟ್ಟು ಹಿಡಿದುಕೊಂಡಿದ್ದರು. ಶಾಸಕ ಊರಿಗೆ ಬರಲು ಹೊರಟಾಗ ಮಂಜು ದೇವಿ ಎದುರು ನಿಂತು ತಡೆಯುವ ಜಾಗ ಬಂತು. ದೊಡ್ಡಮ್ಮ ಕೈ ಎತ್ತಿದರು.

‘ಅಲ್ಲಿ ನಿಲ್ಲಿಸು. ಆ ಹೆಂಗಸು ಮಾತಾಡುವುದನ್ನು ಇನ್ನೊಮ್ಮೆ ಹಾಕು.’

ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಅವರು ನೋಟ್‌ಬುಕ್ ಕೇಳಿ ತೆಗೆದುಕೊಂಡು, ಆ ನಿಮಿಷವನ್ನು ತಾವೇ ಬರೆದರು. ಪಕ್ಕದಲ್ಲಿ ‘ದೊ’ ಅಂತ ಗುರುತು ಹಾಕಿದರು.