ಕೂಲೆಂಟ್ ಬದಲಿಸಿದ ಮೇಲೆ ಒಳಗುಳಿದ ಗಾಳಿಯನ್ನು ತೆಗೆದ ಬಗೆ

ನಮ್ಮ ಹಳೆಯ ವ್ಯಾಗನ್ ಆರ್ ಕಾರಿನಲ್ಲಿ ರೇಡಿಯೇಟರ್‌ಗೆ ಸೇರುವ ಕೆಳಗಿನ ಹೋಸ್, ಕ್ಲಿಪ್ ಕೂರುವ ಜಾಗದಲ್ಲಿ ಬಿರುಕು ಬಿಟ್ಟಿತ್ತು. ಅದನ್ನೂ, ಅದರೊಂದಿಗೆ ಹಳತಾಗಿದ್ದ ಥರ್ಮೋಸ್ಟಾಟನ್ನೂ (ಬಿಸಿಯಾದಾಗ ತೆರೆದು ದ್ರವವನ್ನು ರೇಡಿಯೇಟರ್ ಕಡೆಗೆ ಬಿಡುವ ಕವಾಟ) ಮನೆಯ ಅಂಗಳದಲ್ಲಿಯೇ ಬದಲಾಯಿಸಿದೆ. ಬಿಚ್ಚಿ ಜೋಡಿಸುವ ಕೆಲಸ ಬೇಗನೆ ಮುಗಿಯಿತು. ಹೆಚ್ಚು ಹೊತ್ತು ಹಿಡಿದದ್ದು, ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟನ್ನು ಹೊಸದಾಗಿ ತುಂಬಿದ ಮೇಲೆ ಒಳಗೆ ಉಳಿಯುವ ಗಾಳಿಯನ್ನು ಪೂರ್ತಿಯಾಗಿ ಹೊರಗೆ ತೆಗೆಯುವುದಕ್ಕೆ. ಈ ಹಂತದಲ್ಲಿ ಅವಸರ ಮಾಡಿದರೆ ಮಾಡಿದ ಕೆಲಸವೆಲ್ಲ ವ್ಯರ್ಥವಾಗುವುದರಿಂದ, ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಕೂಲೆಂಟನ್ನು ಖಾಲಿ ಮಾಡಿ ಮತ್ತೆ ತುಂಬುವಾಗ ಗಾಳಿಯು ಎತ್ತರದ ಜಾಗಗಳಲ್ಲಿ, ಎಂದರೆ ಎಂಜಿನ್ನಿನ ಮೇಲಿನ ಭಾಗವಾದ ಸಿಲಿಂಡರ್ ಹೆಡ್‌ನ ಮೇಲ್ಭಾಗದಲ್ಲಿಯೂ ಡ್ಯಾಶ್‌ಬೋರ್ಡ್ ಹಿಂದಿರುವ ಹೀಟರ್‌ನ ಪುಟ್ಟ ರೇಡಿಯೇಟರ್‌ನಲ್ಲಿಯೂ ಸಿಕ್ಕಿಕೊಳ್ಳುತ್ತದೆ. ವಾಟರ್ ಪಂಪ್ ದ್ರವವನ್ನು ತಳ್ಳಬಲ್ಲದೇ ಹೊರತು ಗಾಳಿಯನ್ನು ತಳ್ಳಲಾರದು. ಹೀಗಾಗಿ ಗಾಳಿ ನಿಂತ ಜಾಗದಲ್ಲಿ ಲೋಹ ಅತಿಯಾಗಿ ಕಾಯುತ್ತದೆ, ಸುತ್ತಲಿನ ಕೂಲೆಂಟ್ ಆವಿಯಾಗುತ್ತದೆ, ಕೊನೆಗೆ ಹೆಡ್ ಬಾಗುವ ಅಥವಾ ಅದರ ಕೆಳಗೆ ಸೀಲಿನಂತೆ ಕೂರುವ ಗ್ಯಾಸ್ಕೆಟ್ ಹೋಗುವ ಅಪಾಯವಿರುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಉಷ್ಣತೆಯನ್ನು ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿರದೆ ಗಾಳಿಯಲ್ಲಿದ್ದರೆ ಮೀಟರಿನ ಮುಳ್ಳು ಕೆಳಗೇ ಇದ್ದು, ಆಮೇಲೆ ಒಮ್ಮೆಲೇ ಮೇಲೇರಬಹುದು. ಆದ್ದರಿಂದ ಈ ಕೆಲಸ ಮುಗಿಯುವವರೆಗೆ ನಾನು ಮುಳ್ಳನ್ನು ಮಾತ್ರ ನಂಬುವುದಿಲ್ಲ, ಹೀಟರನ್ನು ನಂಬುತ್ತೇನೆ. ಎಂಜಿನ್ ಕಾದಿದ್ದರೂ ಹೀಟರ್‌ನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ, ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಶಬ್ದ ಕೇಳುತ್ತಿದ್ದರೆ, ಒಳಗೆ ಏರ್ ಹಿಡಿದಿದೆ ಎಂದೇ ತಿಳಿಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಮುಂಗಾಜಿನ ಮಂಜನ್ನು ಕಳೆಯಲು ಹೀಟರ್ ಬೇಕೇ ಬೇಕಾದ್ದರಿಂದ ನಮ್ಮ ಕಡೆಯವರಿಗೆ ಈ ಲಕ್ಷಣ ಬೇಗ ಗಮನಕ್ಕೆ ಬರುತ್ತದೆ.

ಗಾಳಿ ಮೇಲಕ್ಕೇ ಹೋಗುವುದರಿಂದ, ರೇಡಿಯೇಟರ್‌ನ ಬಾಯಿಯೇ ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಮಾಡುವುದು ಇಡೀ ಕೆಲಸದ ತಿರುಳು. ಕಾರಿನ ಮೂತಿ ಏರಿನ ಕಡೆಗಿರುವಂತೆ ಅಂಗಳದ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಥರ್ಮೋಸ್ಟಾಟ್ ಕೂರಿಸುವಾಗಲೇ ಅದರ ಅಂಚಿನಲ್ಲಿರುವ, ಗಾಳಿ ನುಸುಳಲೆಂದು ಬಿಟ್ಟ ಸಣ್ಣ ತೂತು ಮೇಲ್ಮುಖವಾಗಿರುವಂತೆ ನೋಡಿಕೊಂಡಿದ್ದೆ. ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಸಮಸಮವಾಗಿ ಬೆರೆಸಿದೆ. ಬೋರ್‌ವೆಲ್ ನೀರನ್ನು ಹಾಕಬಾರದು. ಅದರ ಸುಣ್ಣದಂಶ ಒಳಗೆ ಪದರಗಟ್ಟಿ ಹೀಟರ್‌ನ ಸಪೂರ ಕೊಳವೆಗಳನ್ನು ಕಟ್ಟಿಸುತ್ತದೆ.

ಹೀಟರ್ ಗುಬ್ಬಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರುವ ದೊಡ್ಡ ಆಲಿಕೆಯನ್ನು ಸಿಕ್ಕಿಸಿ, ಕೂಲೆಂಟನ್ನು ಸಣ್ಣಧಾರೆಯಾಗಿ ಸುರಿದೆ. ರಭಸವಾಗಿ ಸುರಿದರೆ ದ್ರವವೇ ಗಾಳಿಯ ದಾರಿಗೆ ಅಡ್ಡವಾಗುತ್ತದೆ. ನಡುನಡುವೆ ಮೇಲಿನ ಹೋಸನ್ನು ಕೈಯಿಂದ ಹಿಸುಕಿ ಬಿಡುತ್ತಿದ್ದಂತೆ ದೊಡ್ಡ ಗುಳ್ಳೆಗಳು ಎದ್ದುಬಂದವು. ಮಟ್ಟ ಇಳಿಯುವುದು ನಿಂತ ಮೇಲೆ, ಆಲಿಕೆಯಲ್ಲಿ ಅರ್ಧದಷ್ಟು ಕೂಲೆಂಟ್ ನಿಲ್ಲಿಸಿಕೊಂಡು ಎಂಜಿನ್ ಚಾಲೂ ಮಾಡಿದೆ. ಏಸಿ ಹಾಕಿರಲಿಲ್ಲ.

ಇಲ್ಲಿಂದ ಮುಂದೆ ಬೇಕಾಗುವುದು ತಾಳ್ಮೆ. ಥರ್ಮೋಸ್ಟಾಟ್ ಎಂಜಿನ್ನಿಗೆ ತಕ್ಕಂತೆ ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ತೆರೆಯತೊಡಗುತ್ತದೆ. ಅದು ತೆರೆಯುವವರೆಗೆ ಎಂಜಿನ್ ಒಳಗಿನ ಗಾಳಿಗೆ ರೇಡಿಯೇಟರ್ ಕಡೆಗೆ ಸರಿಯಾದ ದಾರಿಯೇ ಇರುವುದಿಲ್ಲ. ಮೊದಮೊದಲು ಆಲಿಕೆಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಬರುತ್ತಿದ್ದವು, ಕೂಲೆಂಟ್ ಕಾದು ಹಿಗ್ಗಿದ್ದರಿಂದ ಮಟ್ಟವೂ ನಿಧಾನವಾಗಿ ಏರುತ್ತಿತ್ತು. ಅಲ್ಲಿಯವರೆಗೆ ತಣ್ಣಗಿದ್ದ ಮೇಲಿನ ಹೋಸ್ ಬಿಸಿಯಾಗುತ್ತಿದ್ದಂತೆ ಆಲಿಕೆಯ ಮಟ್ಟ ಸರ್ರನೆ ತಳಕ್ಕಿಳಿಯಿತು, ಬೆನ್ನಿಗೇ ದೊಡ್ಡದೊಂದು ಗುಳ್ಳೆ ಎದ್ದು ಒಡೆಯಿತು. ಆ ಕ್ಷಣದಲ್ಲಿ ಪಕ್ಕದಲ್ಲೇ ನಿಂತಿದ್ದು ಕೂಲೆಂಟ್ ಸುರಿಯದಿದ್ದರೆ ಹೊರಗಿನ ಗಾಳಿ ಮತ್ತೆ ಒಳಕ್ಕೆ ಎಳೆಯಲ್ಪಡುತ್ತದೆ. ಆಮೇಲೆ ಎಂಜಿನ್ ವೇಗವನ್ನು ಆಗಾಗ ಸುಮಾರು 2000 ಆರ್‌ಪಿಎಂವರೆಗೆ ಏರಿಸಿ ಇಳಿಸಿದಾಗ, ಹೀಟರ್‌ನಲ್ಲಿ ಅಡಗಿದ್ದ ಗಾಳಿಯೂ ಹೊರಬಿದ್ದಿತು. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಂತು, ಗುಳ್ಳೆಗಳು ನಿಂತು, ಹೀಟರ್‌ನಿಂದ ಕೈ ಹಿಡಿಯಲಾಗದಷ್ಟು ಬಿಸಿಗಾಳಿ ಬರತೊಡಗಿದ ಮೇಲೆಯೇ ಎಂಜಿನ್ ಆರಿಸಿದೆ.

ಎಂಜಿನ್ ತಣಿದ ಮೇಲೆ ಆಲಿಕೆ ತೆಗೆದು, ರೇಡಿಯೇಟರ್ ಬಾಯಿಯವರೆಗೆ ತುಂಬಿ ಕ್ಯಾಪ್ ಹಾಕಿ, ಪಕ್ಕದಲ್ಲಿರುವ, ಹೆಚ್ಚುವರಿ ಕೂಲೆಂಟ್ ನಿಲ್ಲುವ ಬಾಟಲಿಯನ್ನು ಮೇಲಿನ ಗೆರೆಯವರೆಗೆ ತುಂಬಿದೆ. ಬಿಸಿ ಇರುವಾಗ ಕ್ಯಾಪ್ ತೆರೆಯುವ ಸಾಹಸವನ್ನು ಯಾರೂ ಮಾಡಬಾರದು. ಸಾವಿರ ಮೀಟರ್ ಎತ್ತರದ ಊರಿನಲ್ಲಿ ಬರಿಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಹಿಡಿದಿಟ್ಟ ಒತ್ತಡದಿಂದಲೇ ಒಳಗಿನ ದ್ರವ ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿಯೂ ಕುದಿಯದೆ ಇರುತ್ತದೆ. ಆ ಒತ್ತಡವನ್ನು ಒಮ್ಮೆಲೇ ಬಿಟ್ಟರೆ ಅದು ಕುದಿದು ಮುಖಕ್ಕೆ ಚಿಮ್ಮುತ್ತದೆ. ಕ್ಯಾಪಿನ ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ ಹೊಸ ಕ್ಯಾಪ್ ಹಾಕುವುದೇ ಲೇಸು, ಏಕೆಂದರೆ ಎಂಜಿನ್ ತಣಿಯುವಾಗ ಬಾಟಲಿಯಿಂದ ಕೂಲೆಂಟ್ ವಾಪಸ್ ಬರುವುದೂ ಕ್ಯಾಪಿನ ಮೂಲಕವೇ, ಸೀಲ್ ಕೆಟ್ಟರೆ ಅದರ ಬದಲು ಗಾಳಿ ನುಗ್ಗುತ್ತದೆ.

ಎಷ್ಟು ಹೊತ್ತಾದರೂ ಗುಳ್ಳೆಗಳು ನಿಲ್ಲದೇ ಬರುತ್ತಿದ್ದರೆ ಅದು ತುಂಬುವಾಗ ಸಿಕ್ಕಿಕೊಂಡ ಗಾಳಿಯಲ್ಲ, ಹೆಡ್ ಗ್ಯಾಸ್ಕೆಟ್ ದಾಟಿ ಬರುತ್ತಿರುವ ಎಂಜಿನ್ ಹೊಗೆ ಎಂದು ಶಂಕಿಸಬೇಕು. ಹೊಗೆ ತಾಗಿದರೆ ನೀಲಿಯಿಂದ ಹಳದಿಗೆ ತಿರುಗುವ ಪರೀಕ್ಷಾ ದ್ರವ ಗ್ಯಾರೇಜುಗಳಲ್ಲಿರುತ್ತದೆ, ಅದರಿಂದ ಖಚಿತಪಡಿಸಿಕೊಳ್ಳಬಹುದು. ರೇಡಿಯೇಟರ್‌ಗೆ ಕ್ಯಾಪ್ ಇಲ್ಲದೆ ಒತ್ತಡದ ಬಾಟಲಿಯೇ ಇರುವ ಕಾರುಗಳಲ್ಲಿ ಕ್ರಮ ಬೇರೆ. ಕೆಲವಕ್ಕೆ ಹೋಸಿನ ಎತ್ತರದ ಜಾಗದಲ್ಲಿ ಏರ್ ಬಿಡುವ ಸ್ಕ್ರೂ ಇರುತ್ತದೆ, ಅದರಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಸಡಿಲಿಸಿಟ್ಟು ಬಿಗಿಯಬೇಕು. ಪ್ಲಾಸ್ಟಿಕ್ಕಿನದಾದರೆ ಹೆಚ್ಚು ಬಿಗಿಯಬಾರದು.

ಇಳಿಸಿದ ಹಳೆಯ ಕೂಲೆಂಟನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೆ ಕೊಟ್ಟೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ದನಗಳು ನೆಕ್ಕುತ್ತವೆ, ಸ್ವಲ್ಪವೇ ಆದರೂ ಅವುಗಳ ಮೂತ್ರಪಿಂಡ ಕೆಡುತ್ತದೆ. ಅಂಗಳದಲ್ಲಿ ಚೆಲ್ಲಿದ್ದ ಜಾಗವನ್ನೂ ಧಾರಾಳವಾಗಿ ನೀರು ಹಾಕಿ ತೊಳೆದೆ. ಮರುದಿನ ಬೆಳಿಗ್ಗೆ ಬಾಟಲಿಯ ಮಟ್ಟ ಒಂದು ಬೆರಳಿನಷ್ಟು ಇಳಿದಿತ್ತು, ತುಂಬಿದೆ. ಆ ಬಳಿಕ ಚಾರ್ಮಾಡಿ ಘಾಟಿ ಹತ್ತಿ ಬಂದು, ಕಾರು ತಣಿದ ಮೇಲೆ ನೋಡಿದಾಗ ಮಟ್ಟ ಗೆರೆಯಲ್ಲಿಯೇ ಇತ್ತು.