ಇಂಟರ್‌ವ್ಯೂನಲ್ಲಿ ‘ಐ ಆಮ್ ಹ್ಯಾವಿಂಗ್’ ಬೇಡ

ದಾವಣಗೆರೆಯಿಂದ ಕೆಲಸದ ಇಂಟರ್‌ವ್ಯೂಗೆ ಹೊರಟಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಮನೆಯವರ ಬಗ್ಗೆ ಕೇಳಿದ ಕೂಡಲೇ ನಮ್ಮಲ್ಲಿ ಎಷ್ಟೋ ಜನರ ಬಾಯಿಗೆ ಬರುವುದು ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’. ಅದು ತಪ್ಪು. ‘ಐ ಹ್ಯಾವ್ ಟೂ ಸಿಸ್ಟರ್ಸ್’ ಅನ್ನಿ, ಸಾಕು. ಮನೆ, ಗಾಡಿ, ಅನುಭವ, ಎಲ್ಲಕ್ಕೂ ಹೀಗೇ. ಪಿ.ಜೆ. ಬಡಾವಣೆಯಲ್ಲಿ ಅಪ್ಪನ ಅಂಗಡಿ ಇದ್ದರೆ ‘ಮೈ ಫಾದರ್ ಹ್ಯಾಸ್ ಎ ಶಾಪ್’.

ಹಾಗಂತ ‘ಹ್ಯಾವಿಂಗ್’ ಯಾವಾಗಲೂ ತಪ್ಪಲ್ಲ. ಬೆಣ್ಣೆ ದೋಸೆ ತಿನ್ನುವಾಗ ಫೋನ್ ಬಂದರೆ ‘ಐ ಆಮ್ ಹ್ಯಾವಿಂಗ್ ಎ ದೋಸೆ’ ಅನ್ನಬಹುದು. ಅಲ್ಲಿ ಹೇಳುತ್ತಿರುವುದು ತಿನ್ನುವ ಕೆಲಸ, ಅಲ್ವಾ?

ಜಾಸ್ತಿ ಎಡವುವುದು ಪ್ರಶ್ನೆ ಕೇಳುವಾಗ, ಇಲ್ಲ ಅನ್ನುವಾಗ. ‘ಡಸ್ ಶಿ ಹ್ಯಾಸ್’, ‘ಐ ಡಿಡಂಟ್ ಹ್ಯಾಡ್’ ಎರಡೂ ಬೇಡ. ಡು, ಡಸ್, ಡಿಡ್ ಬಂದ ಮೇಲೆ ‘ಹ್ಯಾವ್’ ಒಂದೇ: ‘ಡಸ್ ಶಿ ಹ್ಯಾವ್ ಎ ಲೈಸೆನ್ಸ್?’, ‘ಐ ಡಿಡಂಟ್ ಹ್ಯಾವ್ ಟೈಮ್’. ಕಾಲ ಯಾವುದು, ಯಾರು ಅನ್ನುವುದನ್ನು ಡಸ್, ಡಿಡ್ ಆಗಲೇ ಹೇಳಿಬಿಟ್ಟಿರುತ್ತವೆ.

ಸುಮ್ನೆ ಓದಿ ಬಿಡಬೇಡಿ. ನಿಮ್ಮ ಮನೆಯವರ ಬಗ್ಗೆ ನಾಲ್ಕು ವಾಕ್ಯ ಜೋರಾಗಿ ಹೇಳಿ ನೋಡಿ. ಡೌಟ್ ಬಂದರೆ ಇಲ್ಲೇ ಕೇಳಿ, ಖಂಡಿತ ಹೇಳುತ್ತೇನೆ.