ಕೊಂಡವರು ಹೇಳುವ ಕಾರಣ, ಕೊಂಡ ರೀತಿ: ನನ್ನ ಅನುಭವ

ಗ್ರಾಹಕ ವರ್ತನೆಯನ್ನು ಸಂಶೋಧನೆಗೆ ಆರಿಸಿಕೊಂಡವರಿಗೆ ಮೊದಲು ಎದುರಾಗುವ ತೊಡಕು ಉತ್ತರಗಳ ಕೊರತೆಯಲ್ಲ. ಒಂದು ವಸ್ತುವನ್ನು ಏಕೆ ಕೊಂಡಿರಿ ಎಂದು ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿಯೇ ಇರುತ್ತದೆ: ಬೆಲೆ ಸರಿಯೆನಿಸಿತು, ಗುಣಮಟ್ಟ ಚೆನ್ನಾಗಿತ್ತು, ಪರಿಚಯದವರು ಹೇಳಿದರು. ಹೀಗೆ ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ಆದರೂ ಆ ಮಾತನ್ನೇ ಕೊಳ್ಳುವ ಹೊತ್ತಿನಲ್ಲಿ ನಡೆದುದರ ವರದಿ ಎಂದು ತಿಳಿಯುವಂತಿಲ್ಲ. ಮಾರ್ಕೆಟಿಂಗ್ ಪ್ರಾಧ್ಯಾಪಕನಾಗಿ ನಾನು ಮಾಡಿದ ಸಂಶೋಧನೆ ಮತ್ತು ಪಾಠ ಎರಡೂ ಬಹುಮಟ್ಟಿಗೆ ಈ ಅಂತರದ ಸುತ್ತಲೇ ಬೆಳೆದಿವೆ.

ಪಿಎಚ್.ಡಿ. ದಿನಗಳಲ್ಲಿ ನನ್ನನ್ನು ಈ ಕಡೆಗೆ ಎಳೆದದ್ದು ಮನೋವಿಜ್ಞಾನಿಗಳಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಬಂಧ. ಅದರಲ್ಲಿ ಬರುವ ಒಂದು ಪ್ರಯೋಗದಲ್ಲಿ, ಯಾವ ವ್ಯತ್ಯಾಸವೂ ಇಲ್ಲದ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇರಿಸಿ, ಯಾವುದು ಉತ್ತಮ ಎಂದು ಕೇಳಲಾಯಿತು. ಎಡತುದಿಯದನ್ನು ಶೇ. 12ರಷ್ಟು ಮಂದಿ ಆರಿಸಿದರೆ ಬಲತುದಿಯದನ್ನು ಆರಿಸಿದವರು ಶೇ. 40ರಷ್ಟಿದ್ದರು. ಆಯ್ಕೆಯ ಕಾರಣ ಕೇಳಿದಾಗ ಇಟ್ಟ ಜಾಗದ ಮಾತನ್ನು ಯಾರೂ ತಾವಾಗಿ ಎತ್ತಲಿಲ್ಲ; ನೇರವಾಗಿ ಕೇಳಿದಾಗಲೂ ಬಹುತೇಕ ಎಲ್ಲರೂ ಅಲ್ಲಗಳೆದರು. ಜನರನ್ನು ಕೇಳಿಯೇ ಜನರನ್ನು ತಿಳಿಯಬೇಕಾದ ನಮ್ಮ ಶಾಸ್ತ್ರಕ್ಕೆ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಇನ್ನೊಂದಿಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ.

ಹಾಗೆಂದು ಕೇಳುವುದನ್ನು ಬಿಡಲಾಗದು. ಕೇಳುವ ರೀತಿಯನ್ನು ಬದಲಿಸಬೇಕು. ಸಂದರ್ಶನಗಳಲ್ಲಿ ನಾನು "ಸಾಮಾನ್ಯವಾಗಿ ಏನನ್ನು ನೋಡಿ ಕೊಳ್ಳುತ್ತೀರಿ" ಎಂದು ಆರಂಭಿಸುವುದಿಲ್ಲ. "ಕೊನೆಯ ಸಲ ಕೊಂಡದ್ದು ಯಾವಾಗ? ಆ ದಿನ ಏನೇನಾಯಿತು, ಮೊದಲಿನಿಂದ ಹೇಳಿ" ಎನ್ನುತ್ತೇನೆ. ಮೊಬೈಲ್ ಫೋನ್ ಕುರಿತ ಒಂದು ಸಂದರ್ಶನದಲ್ಲಿ, ತಮಗೆ ಬ್ಯಾಟರಿಯೇ ಮುಖ್ಯ ಎಂದು ಒಬ್ಬರು ಪೀಠಿಕೆಯಲ್ಲೇ ಹೇಳಿಬಿಟ್ಟಿದ್ದರು. ಆ ದಿನದ ಘಟನೆಗಳನ್ನು ಒಂದೊಂದಾಗಿ ಹೇಳುತ್ತ ಹೋದಂತೆ ತಿಳಿದುಬಂದುದೇನೆಂದರೆ, ಅವರು ಹೋಲಿಸಿ ನೋಡಿದ್ದು ಎರಡೇ ಫೋನ್‌ಗಳನ್ನು; ಮಾರುವವರು ಒಂದನ್ನು ಅವರ ಕೈಗೆ ಕೊಟ್ಟಿದ್ದರು, ಇನ್ನೊಂದು ಗಾಜಿನ ಕಪಾಟಿನಲ್ಲೇ ಉಳಿದಿತ್ತು; ಬ್ಯಾಟರಿಯ ವಿಷಯವನ್ನು ಅಲ್ಲಿ ಯಾರೂ ಎತ್ತಿರಲೇ ಇಲ್ಲ. ಇಂಥ ಕಡೆ "ಹಾಗಾದರೆ ಬ್ಯಾಟರಿಯನ್ನು ಏಕೆ ನೋಡಲಿಲ್ಲ" ಎಂದು ಕೇಳಬಾರದು. ಕೇಳಿದ ಕೂಡಲೇ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ, ಸಂದರ್ಶನ ಅಲ್ಲಿಗೆ ಮುಗಿಯುತ್ತದೆ. "ಕೈಯಲ್ಲಿ ಹಿಡಿದಾಗ ಏನನ್ನಿಸಿತು" ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ.

ಪ್ರಶ್ನಾವಳಿಯ ವಿಷಯದಲ್ಲೂ ಇದೇ ಜಾಗರೂಕತೆ ಬೇಕು. ಸಮೀಕ್ಷೆಗೆ ಮುನ್ನ ಕೆಲವರನ್ನು ಎದುರಿಗೆ ಕೂರಿಸಿ, ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ, ಮನಸ್ಸಿಗೆ ಬಂದುದನ್ನು ಬಂದಂತೆ ಹೇಳಲು ಕೋರುತ್ತೇನೆ. "ಆಗಾಗ ಬಳಸುತ್ತೇನೆ" ಎಂಬ ಒಂದೇ ಆಯ್ಕೆಗೆ ಗುರುತು ಹಾಕಿದವರಲ್ಲಿ ಒಬ್ಬರಿಗೆ ಅದು ವಾರಕ್ಕೊಮ್ಮೆ, ಇನ್ನೊಬ್ಬರಿಗೆ ತಿಂಗಳಿಗೊಮ್ಮೆ ಎಂಬುದು ಹೊರಬೀಳುವುದು ಹೀಗೆಯೇ.

ತರಗತಿಯಲ್ಲಿ ನಾನು ಸಿದ್ಧಾಂತದಿಂದ ಆರಂಭಿಸುವುದಿಲ್ಲ. ವಿದ್ಯಾರ್ಥಿಗಳನ್ನೇ ಮೊದಲು ಗ್ರಾಹಕರನ್ನಾಗಿ ಮಾಡುತ್ತೇನೆ. ಅರ್ಧ ತರಗತಿಗೆ ಹಂಚುವ ಹಾಳೆಯಲ್ಲಿ ಒಂದೇ ಬೆಲೆಯ ಎರಡು ಲ್ಯಾಪ್‌ಟಾಪ್‌ಗಳ ವಿವರವಿರುತ್ತದೆ: ಒಂದು ಹಗುರ, ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಇನ್ನೊಂದು ಭಾರ, ಆದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಉಳಿದರ್ಧಕ್ಕೆ ಕೊಡುವ ಹಾಳೆಯಲ್ಲಿ ಮೂರನೆಯದೊಂದು ಸೇರಿರುತ್ತದೆ. ಅದು ಎರಡನೆಯದರಷ್ಟೇ ಭಾರ, ಬ್ಯಾಟರಿ ಮಾತ್ರ ಅದಕ್ಕಿಂತ ಕಡಿಮೆ. ಮೂರನೆಯದನ್ನು ಆರಿಸಲು ಯಾರಿಗೂ ಕಾರಣವಿಲ್ಲ, ಆದರೆ ಅದರ ಪಕ್ಕದಲ್ಲಿ ಎರಡನೆಯದು ಮೊದಲಿಗಿಂತ ಚೆನ್ನಾಗಿ ಕಾಣಲಾರಂಭಿಸುತ್ತದೆ. ಜೋಯೆಲ್ ಹ್ಯೂಬರ್, ಜಾನ್ ಪೇಯ್ನ್ ಮತ್ತು ಕ್ರಿಸ್ಟೋಫರ್ ಪೂಟೊ 1982ರಲ್ಲಿ ತೋರಿಸಿಕೊಟ್ಟ ಈ ಪರಿಣಾಮವನ್ನು ವಿದ್ಯಾರ್ಥಿಗಳು ತಮ್ಮದೇ ಉತ್ತರಗಳ ಎಣಿಕೆಯಲ್ಲಿ ಹುಡುಕುವಾಗ ಹುಟ್ಟುವ ಚರ್ಚೆ ಯಾವ ಉಪನ್ಯಾಸದಿಂದಲೂ ಹುಟ್ಟುವುದಿಲ್ಲ. ಎಣಿಕೆ ನಿರೀಕ್ಷೆಯಂತೆ ಬರದ ವರ್ಷಗಳಲ್ಲಿ ಚರ್ಚೆ ಇನ್ನೂ ಚೆನ್ನಾಗಿರುತ್ತದೆ. ಏಕೆಂದರೆ, ಗುಣಗಳನ್ನು ಅಂಕಿಗಳಲ್ಲಿ ಕೊಟ್ಟಾಗ ಎದ್ದು ಕಾಣುವ ಈ ಪರಿಣಾಮ, ಚಿತ್ರ ತೋರಿಸಿದಾಗ ಅಥವಾ ವಸ್ತುವನ್ನೇ ಅನುಭವಕ್ಕೆ ಕೊಟ್ಟಾಗ ಬಹಳ ಮಟ್ಟಿಗೆ ಮಾಯವಾಗುತ್ತದೆ ಎಂದು 2014ರಲ್ಲಿ ಬೇರೆ ಸಂಶೋಧಕರು ವರದಿ ಮಾಡಿದ್ದಾರೆ. ಈ ಎರಡನೆಯ ಭಾಗವನ್ನು ಬಿಟ್ಟು ಮೊದಲನೆಯದನ್ನಷ್ಟೇ ಕಲಿಸುವುದು ವಿದ್ಯಾರ್ಥಿಗಳಿಗೆ ಬಗೆಯುವ ಅನ್ಯಾಯ.

ಜಾಮ್ ಪ್ರಯೋಗದ ಕಥೆಯೂ ಹೀಗೆಯೇ ಇದೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 24 ಬಗೆಯ ಜಾಮ್‌ಗಳಿದ್ದ ಮೇಜಿನ ಬಳಿ ನಿಂತವರಲ್ಲಿ ಶೇ. 3ರಷ್ಟು ಮಂದಿ ಕೊಂಡರೆ, 6 ಬಗೆಗಳಿದ್ದಾಗ ಶೇ. 30ರಷ್ಟು ಮಂದಿ ಕೊಂಡರು. ಆದರೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯಲ್ಲಿ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರಕ್ಕೆ ಇಳಿಯಿತು. 2015ರ ಇನ್ನೊಂದು ವಿಶ್ಲೇಷಣೆ, ತನಗೇನು ಬೇಕೆಂಬುದು ಗ್ರಾಹಕನಿಗೆ ಎಷ್ಟು ಖಚಿತವಿದೆ, ಆಯ್ಕೆ ಎಷ್ಟು ಕ್ಲಿಷ್ಟವಾಗಿದೆ ಎಂಬಂಥ ಸ್ಥಿತಿಗಳ ಮೇಲೆ ಈ ಪರಿಣಾಮ ನಿಂತಿದೆ ಎಂದು ವಿವರಿಸಿತು. ಅದೇ ವರ್ಷ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದಾಗ, ಸುಮಾರು ಶೇ. 36ರಲ್ಲಿ ಮಾತ್ರ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ, ಅಂದರೆ ಬರೀ ಆಕಸ್ಮಿಕವೆಂದು ಸುಲಭವಾಗಿ ತಳ್ಳಿಹಾಕಲಾಗದ, ಫಲಿತಾಂಶ ಸಿಕ್ಕಿತು.

ಇದರಿಂದ ನನ್ನ ಮಾರ್ಗದರ್ಶನದ ಕ್ರಮವೇ ಬದಲಾಯಿತು. ಈಗ ನನ್ನ ಸಂಶೋಧನಾ ವಿದ್ಯಾರ್ಥಿಗಳು ಏನನ್ನು ನಿರೀಕ್ಷಿಸುತ್ತಾರೆ, ಎಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ, ಯಾವ ಉತ್ತರಗಳನ್ನು ಲೆಕ್ಕದಿಂದ ಕೈಬಿಡುತ್ತಾರೆ ಎಂಬುದನ್ನು ದತ್ತಾಂಶ ಕಲೆಹಾಕುವ ಮೊದಲೇ ಬರೆದು ನೋಂದಾಯಿಸುತ್ತಾರೆ. ಕೆಲಸ ನಿಧಾನವಾಗುತ್ತದೆ, ಪ್ರಬಂಧಗಳ ಸಂಖ್ಯೆ ಕಡಿಮೆಯಾಗುತ್ತದೆ. ಇದು ಕೊಡತಕ್ಕ ಬೆಲೆಯೇ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಜನರ ಆಯ್ಕೆ ಸನ್ನಿವೇಶಕ್ಕೆ ತಕ್ಕಂತೆ ವಾಲುತ್ತದೆ ಎಂದು ತಿಳಿದವರು ಆ ತಿಳಿವಳಿಕೆಯನ್ನು ಗ್ರಾಹಕರ ವಿರುದ್ಧವೂ ಬಳಸಬಲ್ಲರು. ಚಂದಾ ರದ್ದುಪಡಿಸುವ ಗುಂಡಿಯನ್ನು ಪುಟದ ಮೂಲೆಯಲ್ಲಿ ಅಡಗಿಸುವುದು, ಒಪ್ಪಿಗೆಯ ಚೌಕದಲ್ಲಿ ಮೊದಲೇ ಗುರುತು ಹಾಕಿಡುವುದು ಇಂಥ ಬಳಕೆಗಳು. ಹೀಗಾಗಿ ನನ್ನ ಕೋರ್ಸಿನ ಕೊನೆಯ ಕೆಲಸವಾಗಿ ವಿದ್ಯಾರ್ಥಿಗಳು ಇಂಥ ಒಂದು ಪುಟವನ್ನು ಆರಿಸಿಕೊಂಡು, ಓದುವವರಿಗೆ ಎಲ್ಲವೂ ಸ್ಪಷ್ಟವಾಗುವಂತೆ ಮರುರೂಪಿಸಿ, ಸ್ಪಷ್ಟವಾಯಿತೇ ಇಲ್ಲವೇ ಎಂಬುದನ್ನು ಪ್ರಯೋಗದ ಮೂಲಕ ಪರೀಕ್ಷಿಸಬೇಕು. ಪುಟ ತಮಗೆ ಇಷ್ಟವಾಯಿತು ಎಂಬ ಬಳಕೆದಾರರ ಮಾತನ್ನು ನಾನು ಸಾಕ್ಷ್ಯವೆಂದು ಒಪ್ಪುವುದಿಲ್ಲ. ಚಂದಾ ರದ್ದುಮಾಡಲು ಬಂದವರು ರದ್ದುಮಾಡಲು ಶಕ್ತರಾದರೇ ಎಂಬುದನ್ನು ವಿದ್ಯಾರ್ಥಿಗಳು ತೋರಿಸಬೇಕಾಗುತ್ತದೆ.